ತಾಮ್ರದ ನಾಣ್ಯ ರಾಶಿಬಿದ್ದ ಕೋಟೆ

ದೆಹಲಿಯ ದಕ್ಷಿಣ ಅಂಚಿನಲ್ಲಿ ತುಘಲಕಾಬಾದ್ ಕೋಟೆಯಿದೆ. ಕುಸಿದ ಕಲ್ಲುಗೋಡೆ, ಮುಳ್ಳುಕಂಟಿ, ಕೋತಿಗಳ ಹಿಂಡು. ಹತ್ತಿ ದಣಿದು ಕೂತಾಗ ಮಗಳು ಕೇಳಿದಳು: "ಅಪ್ಪಾ, ಸರ್ಕಾರ ಬೇಕಾದಷ್ಟು ನೋಟು ಅಚ್ಚುಹಾಕಿ ಎಲ್ಲರಿಗೂ ಹಂಚಬಾರದಾ?"

"ಉತ್ತರ ಈ ಕೋಟೆಯಲ್ಲೇ ಇದೆ" ಎಂದೆ.

1330ರ ಸುಮಾರಿಗೆ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ತಾಮ್ರ, ಹಿತ್ತಾಳೆಯ ನಾಣ್ಯ ಹೊರಡಿಸಿ, ಅದಕ್ಕೂ ಬೆಳ್ಳಿ ನಾಣ್ಯದ ಬೆಲೆಯೇ ಎಂದು ಸಾರಿದ. ಅದನ್ನು ನಕಲು ಮಾಡುವುದು ಸುಲಭವಾಗಿತ್ತು. ಮನೆಮನೆಯೂ ಟಂಕಸಾಲೆಯಾಯಿತು! ಜನ ತಾಮ್ರದಲ್ಲಿ ಕಂದಾಯ ಕಟ್ಟಿ, ಬೆಳ್ಳಿಯನ್ನು ಬಚ್ಚಿಟ್ಟರು. ಪೇಟೆಯಲ್ಲಿ ನಾಣ್ಯ ಹೆಚ್ಚಿತು, ದವಸಧಾನ್ಯ ಹೆಚ್ಚಲಿಲ್ಲ. ಕೊನೆಗೆ ವ್ಯಾಪಾರಿಗಳು ಆ ನಾಣ್ಯ ಮುಟ್ಟಲೇ ಒಪ್ಪಲಿಲ್ಲ. ಸುಲ್ತಾನ ಖಜಾನೆಯ ಬೆಳ್ಳಿ, ಬಂಗಾರ ಕೊಟ್ಟು ಎಲ್ಲವನ್ನೂ ಹಿಂದಕ್ಕೆ ಪಡೆಯಬೇಕಾಯಿತು. ತುಘಲಕಾಬಾದಿನಲ್ಲಿ ತಾಮ್ರದ ನಾಣ್ಯ ಗುಡ್ಡೆಯಾಗಿ ಬಿದ್ದಿತ್ತೆಂದು ಅಂದಿನ ಚರಿತ್ರೆಕಾರ ಬರನಿ ಬರೆದಿದ್ದಾನೆ.

ಮಗಳು ಜೇಬಿನಿಂದ ಹತ್ತು ರೂಪಾಯಿ ತೆಗೆದು ನೋಡಿದಳು. "ಇದೂ ಬರೀ ಕಾಗದವೇ ಅಲ್ವಾ?"

"ಹೌದು. ಅದಕ್ಕೇ ರಿಸರ್ವ್ ಬ್ಯಾಂಕ್ ಕಾವಲಿದೆ. ಪೇಟೆಯಲ್ಲಿ ಹಣ ಅತಿಯಾಗಿ ಬೆಲೆ ಏರತೊಡಗಿದರೆ ಬಡ್ಡಿ ಹೆಚ್ಚಿಸುತ್ತದೆ. ಆಗ ಜನ ಸಾಲ ಮಾಡುವುದು ಕಡಿಮೆಯಾಗುತ್ತದೆ, ಖರ್ಚೂ ತಗ್ಗುತ್ತದೆ."

ಕೆಳಗಿಳಿದಾಗ ಹೆಬ್ಬಾಗಿಲ ಬಳಿ ಕಡಲೆಕಾಯಿ ಮಾರುವವನು ಆ ನೋಟನ್ನು ತಿರುಗಿಸಿಯೂ ನೋಡದೆ ಪೊಟ್ಟಣ ಕೊಟ್ಟ. ತುಘಲಕ್ ಕಳೆದುಕೊಂಡದ್ದು ಇದೇ ನಂಬಿಕೆಯನ್ನು, ಮಕ್ಕಳೇ.