ಸಶೇಷ

1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಮರುವರ್ಷವೇ ಮದ್ರಾಸಿನಿಂದ ‘ಚಂದಮಾಮ’ ಕನ್ನಡದಲ್ಲಿ ಹೊರಟಿತು. ದಾಸರಿ ಸುಬ್ರಹ್ಮಣ್ಯಂ ಅವರು 1954ರಲ್ಲಿ ತೆಲುಗಿನಲ್ಲಿ ಆರಂಭಿಸಿದ ಮಾಂತ್ರಿಕ ಧಾರಾವಾಹಿಗಳು ಕನ್ನಡಕ್ಕೂ ಇಳಿದುಬಂದವು. ಆ ಹೊಸ ಬಡಾವಣೆಯ ಮಕ್ಕಳು ಅವನ್ನು ಒಂದೇ ಉಸಿರಿಗೆ ಓದಿ ‘ಸಶೇಷ’ದ ಮುಂದೆ ನಿಲ್ಲಬೇಕಾಯಿತು. ಮುಂದೇನೆಂದು ಕೇಳಿದರೆ ಹಿರಿಯರಿಗೂ ತಿಳಿಯದು! ಮನೆಯಲ್ಲಿ ಇಂತಹ ಸಮಾನತೆ ಅಪೂರ್ವವೇ ಸರಿ.

ರಾಜಕುಮಾರನನ್ನು ಗುಹೆಯಿಂದ ಬಿಡಿಸುವ ಉಪಾಯಗಳು ತಿಂಗಳಿಡೀ ಜಗಲಿಯ ಮೇಲೆ ನಡೆಯುತ್ತಿದ್ದವು. ಅಕ್ಕನ ಉಪಾಯವನ್ನು ತಮ್ಮನು ಒಪ್ಪುತ್ತಿರಲಿಲ್ಲ. ಕಡೆಗೆ ಸಂಚಿಕೆ ಕೈಸೇರಿದಾಗ, ಅಚ್ಚಾದ ಕಥೆಗಿಂತ ತಮ್ಮದೇ ಮೇಲೆಂದು ಮುನಿಸಿಕೊಂಡವರೂ ಉಂಟು. ಮುಗಿದ ಪುಸ್ತಕವು ಮಕ್ಕಳಿಗೆ ಇಷ್ಟು ಅಧಿಕಾರವನ್ನು ಕೊಡಲಾರದು.

ಬೇತಾಳನಾದರೋ ತಿಂಗಳು ತಿಂಗಳೂ ಮರವನ್ನೇರಿದನು. 2013ರಲ್ಲಿ ಪತ್ರಿಕೆಯೇ ನಿಂತಿತು. ಅವನು ಮಾತ್ರ ಇಳಿಯಲಿಲ್ಲ.