ಫೆವಿಕ್ವಿಕ್ ಬಿದ್ದ ಇಳಕಲ್ ಸೀರೆ

ನವರಾತ್ರಿಗೆ ಎರಡು ದಿನ ಇತ್ತು. ಮೈಸೂರಿನಿಂದ ಅಮ್ಮ ಕಳಿಸಿದ್ದ ಗೊಂಬೆ ಪೆಟ್ಟಿಗೆ ಬಿಚ್ಚಿದರೆ ಪಟ್ಟದ ರಾಣಿಯ ಕೈ ಮುರಿದಿತ್ತು. ಆಫೀಸ್ ಕಾಲ್ ಮ್ಯೂಟ್ ಮಾಡಿ, ದಿವಾನದ ಮೇಲೆ ಕೂತು ಫೆವಿಕ್ವಿಕ್ ಟ್ಯೂಬ್ ಒತ್ತಿದೆ. ಸ್ವಲ್ಪ ಜೋರಾಗೇ ಒತ್ತಿದೆ ಅನ್ಸುತ್ತೆ. ರಾಣಿಯ ಕೈ ಅಂಟಿತು. ಜೊತೆಗೆ ಒಂದು ದಪ್ಪ ಹನಿ ಪಕ್ಕದಲ್ಲಿ ಮಡಿಸಿಟ್ಟಿದ್ದ ಅತ್ತೆಯ ಇಳಕಲ್ ಸೀರೆಯ ಮೇಲೆ ಬಿತ್ತು.

ಅಲ್ಲೇ ಇದ್ದ ಕರ್ಚೀಫಿನಿಂದ ಒರೆಸಿದೆ. ಅದು ನಾನು ಮಾಡಿದ ಮೊದಲ ತಪ್ಪು. ಈ ಥರದ ಅಂಟು ಗಾಳಿಗೆ ಒಣಗೋದಲ್ಲ, ತೇವಾಂಶ ತಾಗಿದ ಕೂಡಲೇ ಗಟ್ಟಿಯಾಗೋದು. ಹತ್ತಿ ಬಟ್ಟೆಯ ಮೇಲಂತೂ ಎಷ್ಟು ಬೇಗ ಗಟ್ಟಿಯಾಗುತ್ತೆ ಅಂದರೆ ಬಿಸಿ ಏಳುತ್ತೆ. ಬೆರಳಿಗೆ ಚುರ್ ಅಂತು. ಮೈಮೇಲಿರೋ ಬಟ್ಟೆಗೆ ಬಿದ್ದರೆ ಎಳೆಯಬೇಡಿ, ತಣ್ಣೀರು ಸುರಿಯಿರಿ. ಚರ್ಮ ಸುಡುವಷ್ಟು ಬಿಸಿಯಾಗಬಹುದು. ಇದೆಲ್ಲ ನನಗೆ ಗೊತ್ತಾಗಿದ್ದು ಆ ರಾತ್ರಿ ಫೋನ್ ನೋಡುತ್ತಾ. ಆ ಕ್ಷಣ ಮಾಡಿದ್ದು ಮಾತ್ರ ಒಂದೇ: ಕಲೆ ಒಳಗೆ ಬರೋ ಹಾಗೆ ಸೀರೆ ಮಡಿಸಿ, ಬೀರುವಿನಲ್ಲಿ ಕೆಳಗಡೆ ಇಟ್ಟೆ.

ಅದು ಮಾವ ತಂದುಕೊಟ್ಟ ಸೀರೆ. ನೀಲಿ ಹತ್ತಿಯ ಮೈ, ಕೆಂಪು ರೇಷ್ಮೆ ಸೆರಗು, ಅದರ ಮೇಲೆ ಬಿಳಿ ತೋಪಿನ ತೆನೆ. ಮಾವ ಹೋಗಿ ನಾಲ್ಕು ವರ್ಷ. ಧಾರವಾಡದಿಂದ ಬರುವಾಗ ಅತ್ತೆಯ ಬ್ಯಾಗಿನಲ್ಲಿ ಬೇರೇನಿಲ್ಲದಿದ್ದರೂ ಆ ಸೀರೆ ಇರುತ್ತೆ.

ಮರುದಿನ ಬೆಳಿಗ್ಗೆ ಅತ್ತೆ ಊಟದ ಡಬ್ಬಿ ಕಟ್ಟುತ್ತಾ, “ಪಾಡ್ಯದ ದಿನ ಅದನ್ನ ಉಡ್ತೀನಿ, ತೆಗದಿಡು” ಅಂದರು. ನಾನು ತಂದುಕೊಟ್ಟೆ. ಹೇಳಲೂ ಇಲ್ಲ, ಅವರೇ ಬಿಚ್ಚಿದರು. ಕಲೆ ಸರಿಯಾಗಿ ಸೆರಗೂ ಮೈಯೂ ಸೇರುವ ಕಡೆ ಇತ್ತು, ಒಂದು ರೂಪಾಯಿ ನಾಣ್ಯದಷ್ಟು, ಗಾಜಿನ ಹಾಗೆ ಗಟ್ಟಿ. ನಾನು ಗಾಬರಿಯಲ್ಲಿ ಉಗುರಿನಿಂದ ಕೆರೆಯೋಕೆ ಹೋದೆ.

“ಉಗುರು ಹಚ್ಚಬ್ಯಾಡ. ಕೊಂಡಿ ಹರಿದ್ರ ಸೆರಗ ಬಿಚ್ಚಿ ಬರ್ತೈತಿ.”

ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೂ ಕೊಂಡಿ ಹಾಕಿ ಮಗ್ಗಕ್ಕೆ ಸೇರಿಸುತ್ತಾರೆ. ನನ್ನ ಹನಿ ಆ ಕೊಂಡಿಗಳ ಮೇಲೇ ಕೂತಿತ್ತು.

ಅಸಿಟೋನ್ ಹಾಕಿದರೆ ಹೋಗುತ್ತಂತೆ ಅಂದೆ. ನೇಲ್ ಪಾಲಿಶ್ ರಿಮೂವರ್ ಇದೆಯಲ್ಲ, ಅದೇ. ಆದರೆ ಎಲ್ಲ ರಿಮೂವರ್‌ನಲ್ಲೂ ಅಸಿಟೋನ್ ಇರಲ್ಲ, ಲೇಬಲ್ ಓದಬೇಕು. ಬಣ್ಣ, ಎಣ್ಣೆ ಬೆರೆತಿರೋದೂ ಬೇಡ. ಇನ್ನೊಂದು ಭಯವೂ ಇತ್ತು. ಅಸಿಟೇಟ್ ಅನ್ನೋ ನಕಲಿ ರೇಷ್ಮೆಯ ಮೇಲೆ ಇದನ್ನು ಹಾಕಿದರೆ ಅಂಟಿನ ಜೊತೆ ಬಟ್ಟೆಯೇ ಕರಗಿಹೋಗುತ್ತೆ.

“ಅಂಟು ಆಮ್ಯಾಲೆ. ಮೊದಲ ಅರಿವಿ ಯಾವುದಂತ ನೋಡು” ಅಂದ ಅತ್ತೆ, ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಅಡುಗೆಮನೆಗೆ ಹೋಗಿ ಇಕ್ಕಳದಲ್ಲಿ ಹಿಡಿದು ಸುಟ್ಟರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಅಸಿಟೇಟ್ ಆದರೆ ಕರಗಿ ಗಟ್ಟಿ ಗಂಟಾಗಬೇಕು. ಎಳೆ ಕಾಗದದ ಹಾಗೆ ಭಗ್ಗನೆ ಉರಿದು, ಕಾಗದದ್ದೇ ವಾಸನೆ ಬಿಟ್ಟು, ಬೂದಿಯಾಯಿತು. ಅಂದರೆ ರೇಯಾನ್. ಅಸಿಟೋನ್ ಹಾಕಬಹುದು. ಖುಷಿಯಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು: “ಅತ್ತೆ, ಇದು ರೇಷ್ಮೆ ಅಲ್ಲ!”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಒಲೆ ಆರಿಸಿದರು.

“ಗೊತ್ತೈತಿ. ತಂದ ದಿನಾನ ಕೈಗೆ ಗೊತ್ತಾಗಿತ್ತು. ಕನ್ನಡ ಸಾಲಿ ಮಾಸ್ತರ್ ಪಗಾರದಾಗ ರೇಷ್ಮಿ ಎಲ್ಲಿಂದ ಬರಬೇಕು? ನಿಮ್ಮ ಮಾವ ರೇಷ್ಮಿ ಅಂದ್ರು, ನಾ ಹೂಂ ಅಂದೆ.”

ದೇವರ ಮುಂದೆ ದೀಪ ಉರಿಯುತ್ತಿತ್ತು, ಅಸಿಟೋನ್ ಬೆಂಕಿ ಹತ್ತೋ ವಸ್ತು. ಹಾಗಾಗಿ ಬಾಲ್ಕನಿಯಲ್ಲಿ ಕೂತೆವು. ಕಲೆ ಕೆಳಮುಖ ಮಾಡಿ, ಅಡಿಗೆ ಹಳೇ ಬಿಳಿ ಪಂಚೆ ಹಾಸಿ, ಹಿಂಬದಿಯಿಂದ ಇಯರ್ ಬಡ್‌ನಲ್ಲಿ ಒತ್ತುತ್ತಾ ಹೋಗೋದು. ಉಜ್ಜಬಾರದು. ಐದಾರು ನಿಮಿಷಕ್ಕೆ ಗಾಜು ಮೆತ್ತಗಾಗಿ ಬೆಳ್ಳಗೆ ಲೋಳೆಯಾಗುತ್ತೆ. ಅದನ್ನು ಚಮಚದ ಮೊಂಡು ಅಂಚಿನಿಂದ ಎತ್ತಿ, ಪಂಚೆ ಸರಿಸಿ, ಮತ್ತೆ ಶುರು. ನೀಲಿ ಮೈಯ ಕಡೆ ಒಂದು ಗಂಟೆಯಲ್ಲಿ ಪೂರ್ತಿ ಬಿಟ್ಟಿತು. ಕೊಂಡಿಗಳೂ ಉಳಿದವು. ಸೆರಗಿನ ಕಡೆ ಹೋದಾಗ ಪಂಚೆಯ ಮೇಲೆ ಕೆಂಪು ಇಳಿಯತೊಡಗಿತು. ಮೊದಲೇ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಬೇಕಿತ್ತು, ಮಾಡಿರಲಿಲ್ಲ. ಇನ್ನೊಂದು ಸಲ ಹಾಕಲಾ ಅಂತ ನಾನು, “ಸಾಕ್ ಬಿಡವಾ” ಅಂತ ಅತ್ತೆ. ಅಲ್ಲಿ ಹೆಸರುಕಾಳಿನಷ್ಟು ಗಟ್ಟಿ ಉಳಿಯಿತು.

ಅಂಟುವಾಳದ ನೀರಲ್ಲಿ ಅದ್ದಿ ತೆಗೆದೆವು. (ಅಂಟು ತೆಗೆಯೋಕೆ ಅಂಟುವಾಳ!) ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತೆ, ಹಿಂಡಲಿಲ್ಲ. ಕಲೆ ಪೂರ್ತಿ ಹೋಗೋವರೆಗೂ ಇಸ್ತ್ರಿ ಬೇಡ.

ಬಿದ್ದಿದ್ದು ಬಿಳಿ ಫೆವಿಕಾಲ್ ಆಗಿದ್ದರೆ ಇಷ್ಟು ರಾಮಾಯಣವೇ ಇರುತ್ತಿರಲಿಲ್ಲ. ಬೆಚ್ಚಗಿನ ನೀರಲ್ಲಿ ನೆನೆಸಿಟ್ಟರೆ ಮೆತ್ತಗಾಗುತ್ತೆ, ಆಮೇಲೆ ಸೋಪು. ಗ್ಲೂ ಗನ್ನಿನ ಅಂಟಾದರೆ ಬಟ್ಟೆಯನ್ನು ಕವರಿನಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ಬಿರುಸಾಗಿ ಚಕ್ಕೆಯ ಹಾಗೆ ಏಳುತ್ತೆ.

ಪಾಡ್ಯದ ಸಂಜೆ ಅತ್ತೆ ಅದೇ ಸೀರೆ ಉಟ್ಟರು. ಗಟ್ಟಿಯಾದ ಜಾಗ ನೆರಿಗೆಯೊಳಗೆ ಹೋಗೋ ಹಾಗೆ ಸೆರಗು ಮಡಿಸಿ ಪಿನ್ ಹಾಕಿದ್ದು ನಾನು. ಗೊಂಬೆ ನೋಡೋಕೆ ಬಂದ ಪಕ್ಕದ ಫ್ಲಾಟಿನ ಹುಡುಗಿ ಸೆರಗು ಮುಟ್ಟಿ, “ವಾವ್ ಆಂಟಿ, ಪ್ಯೂರ್ ಸಿಲ್ಕಾ?” ಅಂತ ಕೇಳಿದಳು.

“ಹೂಂನವಾ, ರೇಷ್ಮಿ” ಅಂದರು ಅತ್ತೆ, ನನ್ನ ಕಡೆ ನೋಡದೆ. “ನಮ್ಮನಿಯವರು ತಂದಿದ್ದು.”