ಪದ ಬಿಟ್ಟ ಹಾಡು

ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸಿಕೊಳ್ಳುವ ಬಿಡಿ ವರದಿಗಾರ ನಾನು. ಮಾತೇ ಹೊಟ್ಟೆಪಾಡು. ಆದರೆ ಈಚೆಗೆ ರಾತ್ರಿ ಹೊತ್ತು ನಾನು ಕೇಳುತ್ತಿರುವುದು ಹಾಡುಗಾರರೇ ಇಲ್ಲದ ಗಿಟಾರ್ ಆಲ್ಬಂ. ಇಂಗ್ಲೆಂಡಿನ ಜೆಫ್ ಬೆಕ್ 1975ರಲ್ಲಿ ತಂದ ‘ಬ್ಲೋ ಬೈ ಬ್ಲೋ’.

ಬೆಕ್ ತಂಡದಲ್ಲಿ ಮೊದಲು ರಾಡ್ ಸ್ಟೀವರ್ಟ್‌ನಂಥ ದೊಡ್ಡ ಗಾಯಕರೇ ಇದ್ದರು. ಇಲ್ಲಿ ಆ ಜಾಗಕ್ಕೆ ಗಿಟಾರ್ ಬಂದು ನಿಂತಿದೆ. ರಾಕ್‌ನ ಅಬ್ಬರ, ಜೊತೆಗೆ ಜಾಝ್‌ನವರು ಆ ಕ್ಷಣಕ್ಕೆ ಹುಟ್ಟಿಸಿ ನುಡಿಸುವ ಮನೋಧರ್ಮ. ಮಾಡಿಸಿದವರು ಬೀಟಲ್ಸ್ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್. ಪದವಿಲ್ಲದ್ದನ್ನು ಯಾರು ಕೊಳ್ಳುತ್ತಾರೆ ಅನ್ನಬೇಡಿ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇದು 4ನೇ ಸ್ಥಾನಕ್ಕೇರಿತ್ತು.

‘ಕಾಸ್ ವಿ ಹ್ಯಾವ್ ಎಂಡೆಡ್ ಆಸ್ ಲವರ್ಸ್’ ಸ್ಟೀವಿ ವಂಡರ್ ಬರೆದ ಅಗಲಿಕೆಯ ಹಾಡು. 1974ರಲ್ಲಿ ಸಿರೀಟಾ ಅದನ್ನು ಪದಗಳೊಂದಿಗೇ ಹಾಡಿದ್ದರು. ಬೆಕ್ ಪದ ಬಿಟ್ಟರು, ಸಂಕಟ ಇಟ್ಟುಕೊಂಡರು. ಗಿಟಾರ್ ಮೇಲಿನ ವಾಲ್ಯೂಮ್ ಗುಬುಟನ್ನು ಕಿರುಬೆರಳಲ್ಲಿ ಇಳಿಸಿಟ್ಟು ತಂತಿ ಮೀಟುತ್ತಾರೆ, ಆಮೇಲೆ ಮೆಲ್ಲಗೆ ಏರಿಸುತ್ತಾರೆ. ಮೀಟಿದ ‘ಟಣ್’ ಕೇಳುವುದೇ ಇಲ್ಲ, ಸ್ವರ ಗಂಟಲಿನಿಂದ ಎದ್ದಂತೆ ಬರುತ್ತದೆ. ಅಳು ನುಂಗಿಕೊಂಡು ಮಾತಾಡಲು ಹೊರಟವರ ದನಿ ಹಾಗಿರುತ್ತದೆ. ಸಾವಿನ ಮನೆಗಳಿಗೆ ವರದಿಗೆ ಹೋಗಿ ಹೋಗಿ ಆ ದನಿ ನನಗೆ ಚೆನ್ನಾಗಿ ಗೊತ್ತು. ಅದನ್ನು ಮಾತ್ರ ಸುದ್ದಿಯಲ್ಲಿ ಬರೆಯಲಾಗುವುದಿಲ್ಲ.

ನಮ್ಮಪ್ಪ ಊರಿನ ಭಜನೆ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಬಿತ್ತು, ಮಾತೂ ಹೋಯಿತು. ಟೀವಿ ಹಾಕಿದರೆ ಮುಖ ಆಚೆ ತಿರುಗಿಸುತ್ತಾರೆ, ಅಲ್ಲಿರುವವರೆಲ್ಲ ಮಾತಾಡುವವರೇ. ಒಂದು ಸಂಜೆ ಈ ಆಲ್ಬಂನ ಕೊನೆಯ ‘ಡೈಮಂಡ್ ಡಸ್ಟ್’ ಹಾಕಿದೆ. ಅದು ಐದೆಣಿಕೆಯ ತಾಳ, ನಮ್ಮ ಖಂಡಛಾಪಿನಂತೆ. ಸ್ವಲ್ಪ ಹೊತ್ತಿಗೆ ಅವರ ಎಡಗೈ ಮಂಚದ ಅಂಚಿನ ಮೇಲೆ ಐದಕ್ಕೊಂದು ಪೆಟ್ಟು ಹಾಕತೊಡಗಿತು. ಅಪ್ಪ ಹುಷಾರಾದರು ಅಂತ ಬರೆಯಲಾರೆ, ಆಗಿಲ್ಲ. ಹಾಡು ಮುಗಿದಾಗ ಅದೇ ಕೈಯಲ್ಲಿ ಫೋನ್ ತೋರಿಸಿದರು, ಇನ್ನೊಮ್ಮೆ ಹಾಕು ಅಂತ.

ಎಲ್ಲವೂ ಇಷ್ಟೇ ಚೆಂದವಿಲ್ಲ. ಬೀಟಲ್ಸ್‌ನವರ ‘ಶೀ ಈಸ್ ಎ ವುಮನ್’ನಲ್ಲಿ ಬಾಯಿಗೆ ಕೊಳವೆ ಇಟ್ಟುಕೊಂಡು ಗಿಟಾರ್‌ಗೆ ಮಾತು ಬರಿಸುವ ಆಟ ಇದೆ. ನನಗದು ಜಾತ್ರೆಯ ಪೀಪಿ.

ತಮಟೆ ಬಡಿದು ಅಭ್ಯಾಸ ಇರುವವರು ‘ಸ್ಕ್ಯಾಟರ್‌ಬ್ರೇನ್’ ಮೊದಲು ಕೇಳಿ, ಒಂಬತ್ತರ ಲೆಕ್ಕದಲ್ಲಿ ಓಡುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ. ಫೋನಿನ ಪುಟ್ಟ ಸ್ಪೀಕರಿಗೆ ಫಿಲ್ ಚೆನ್ ಅವರ ಬಾಸ್ ಗಿಟಾರ್ ದಕ್ಕುವುದಿಲ್ಲ.